ಕೆರೆ ಹೂಳನ್ನು ಪುಕ್ಕಟೆ ತೆಗೆದುಕೊಡುತ್ತಾರಂತೆ, ಪರಿಸರ ಅನುಮತಿಯೂ ಬೇಡವಂತೆ. ನಂಬಬಹುದೇ?

ಕೆರೆಯಂಗಳ:
ನಮ್ಮದು ಬಯಲುಸೀಮೆಯ ಸಣ್ಣ ಊರು. ಊರ ಮುಂದಿನ ಕೆರೆ ನಲವತ್ತು ಎಕರೆ ಚಿಲ್ಲರೆ. ನನಗೆ ಬುದ್ಧಿ ಬಂದಾಗಿನಿಂದ ಯಾರೂ ಅದರ ಹೂಳು ತೆಗೆದದ್ದನ್ನು ಕಂಡಿಲ್ಲ. ಅಂಗಳದ ತುಂಬ ಬಳ್ಳಾರಿ ಜಾಲಿ. ಮಳೆ ಚೆನ್ನಾಗಿ ಆದ ವರ್ಷವೂ ನೀರು ಸಂಕ್ರಾಂತಿಗೆ ಮುಗಿಯುತ್ತದೆ.

ಕಳೆದ ತಿಂಗಳು ಹತ್ತಿರದ ಹೆದ್ದಾರಿ ಕೆಲಸದ ಉಪಗುತ್ತಿಗೆದಾರರೊಬ್ಬರು ಪಂಚಾಯಿತಿಗೆ ಬಂದಿದ್ದರು. "ನಿಮ್ಮ ಕೆರೆಯ ಹೂಳನ್ನು ಒಂದು ರೂಪಾಯಿ ತೆಗೆದುಕೊಳ್ಳದೆ ಎತ್ತಿಕೊಡುತ್ತೇವೆ, ಮಣ್ಣು ನಮಗೆ ಬಿಡಿ, ರಸ್ತೆಯ ಏರಿಗೆ ಬೇಕು" ಎಂದರು. ಪರಿಸರ ಅನುಮತಿ ಬೇಡವೇ ಎಂದು ನಾನು ಕೇಳಿದ್ದಕ್ಕೆ ನಕ್ಕು, "ಕೆರೆ ಹೂಳಿಗೆ ಯಾವ ಅನುಮತಿ ಸ್ವಾಮಿ, ಅದಕ್ಕೆ ವಿನಾಯಿತಿ ಇದೆ" ಎಂದರು. ಸದಸ್ಯರಲ್ಲಿ ಬಹುಪಾಲು ಜನ ಒಪ್ಪಿಯಾಗಿದೆ. ಮುಂದಿನ ಗ್ರಾಮಸಭೆಯಲ್ಲಿ ವಿಷಯ ಬರಲಿದೆ. ವಿನಾಯಿತಿ ನಿಜವಾಗಿ ಇದೆಯೇ? ಇದ್ದರೆ ಯಾವುದಕ್ಕೆ? ನಾನು ಅಡ್ಡಗಾಲು ಹಾಕುವವನಲ್ಲ, ಕೆರೆಗೆ ನೀರು ಬೇಕು ಎನ್ನುವವನೇ.

ಕರಿಕೋಟು:
ವಿನಾಯಿತಿ ಇದೆ. ಆದರೆ ಅವರು ಅದರ ಅರ್ಧವನ್ನು ಮಾತ್ರ ಹೇಳಿದ್ದಾರೆ.

ಪರಿಸರ ಅನುಮತಿಯ ಇಂದಿನ ಚೌಕಟ್ಟು 2006ರ ಸೆಪ್ಟೆಂಬರ್ 14ರ ಕೇಂದ್ರ ಅಧಿಸೂಚನೆಯದು. ಅದಕ್ಕೂ ಮೊದಲು 1994ರದ್ದು ಇತ್ತು. ಯೋಜನೆಗಳನ್ನು ಅಲ್ಲಿ 'ಎ' ಮತ್ತು 'ಬಿ' ಎಂದು ವಿಂಗಡಿಸಿದ್ದಾರೆ. 'ಎ' ದೆಹಲಿಗೆ ಹೋಗುತ್ತದೆ, 'ಬಿ' ರಾಜ್ಯ ಪ್ರಾಧಿಕಾರಕ್ಕೆ. 'ಬಿ'ಯೊಳಗೆ ಮತ್ತೆ ಎರಡು. 'ಬಿ1'ಕ್ಕೆ ಪರಿಣಾಮ ಅಧ್ಯಯನದ ವರದಿ ಬೇಕು. 'ಬಿ2'ಕ್ಕೆ ಆ ವರದಿ ಬೇಡ. ಪಟ್ಟಿಯಲ್ಲೇ ಇಲ್ಲದ ಕೆಲಸಕ್ಕೆ ಯಾವುದೂ ಬೇಡ.

ಮಣ್ಣು, ಮರಳು, ಕಲ್ಲು ಇವು ಉಪಖನಿಜಗಳು. 2016ರ ಜನವರಿ 15ರ ತಿದ್ದುಪಡಿಯಲ್ಲಿ ಇವಕ್ಕೆ ಸಂಬಂಧಿಸಿದ ಕೆಲವು ಕೆಲಸಗಳನ್ನು ಅನುಮತಿಯಿಂದ ಬಿಟ್ಟರು. ಅದು ಒಂಬತ್ತನೇ ಅನುಬಂಧ. ಓದಿದರೆ ಹಳ್ಳಿಯನ್ನು ಬಲ್ಲವರು ಯಾರೋ ಕುಳಿತು ಬರೆದಂತಿದೆ. ಕುಂಬಾರರು ಕೈಯಿಂದ ತೆಗೆಯುವ ಜೇಡಿಮಣ್ಣು, ಹೆಂಚು ಮಾಡುವವರ ಮಣ್ಣು, ನೆರೆ ಬಂದು ಹೋದ ಮೇಲೆ ರೈತ ತನ್ನ ಹೊಲದಿಂದ ಎತ್ತಿ ಹಾಕುವ ಮರಳು, ಊರಿನವರು ಸ್ವಂತಕ್ಕೋ ಊರ ಕೆಲಸಕ್ಕೋ ವಾಡಿಕೆಯಂತೆ ತೆಗೆದುಕೊಳ್ಳುವ ಮಣ್ಣು ಮರಳು, ಬಾವಿ ತೋಡುವುದು, ಉದ್ಯೋಗ ಖಾತ್ರಿಯಲ್ಲೋ ಬೇರೆ ಸರ್ಕಾರಿ ಯೋಜನೆಯಲ್ಲೋ ಸಮುದಾಯದ ಶ್ರಮದಲ್ಲೋ ನಡೆಯುವ ಕೆರೆ ಹೂಳೆತ್ತುವ ಕೆಲಸ. ಇವಕ್ಕೆಲ್ಲ ಅನುಮತಿ ಬೇಡ.

ಈಗ ನಿಮ್ಮ ಪ್ರಶ್ನೆ. ಕೆರೆ ಹೂಳೆತ್ತುವುದು ಊರ ಕೆಲಸವಾದರೆ ವಿನಾಯಿತಿ ಉಂಟು. ಹೆದ್ದಾರಿಗೆ ಮಣ್ಣು ಒದಗಿಸುವುದು ಊರ ಕೆಲಸವೇ? ಇಲ್ಲಿ ಒಂದು ಕಥೆ ಇದೆ, ಸಂಜೆ ಬರೆಯುತ್ತೇನೆ. ನ್ಯಾಯಾಲಯದ ಹೊತ್ತಾಯಿತು.

ತಲೆಹರಟೆ:
ಒಂದು ಕೈಯಲ್ಲಿ ಗುದ್ದಲಿ ಇದ್ದರೆ ಹೂಳು, ಅದೇ ಮಣ್ಣಿನ ಕೆಳಗೆ ಟಿಪ್ಪರ್ ನಿಂತರೆ ಗಣಿಗಾರಿಕೆ. ಮಣ್ಣಿಗೆ ಗೊತ್ತಿಲ್ಲ, ಪಾಪ.

ಜಲ್ಲಿಕಲ್ಲು:
ಇಲ್ಲಿ ಎಲ್ಲರೂ ಗುತ್ತಿಗೆದಾರನನ್ನು ಕಳ್ಳ ಎಂದು ಮೊದಲೇ ತೀರ್ಮಾನಿಸಿದಂತಿದೆ. ನಾನು ಮೂರು ಎಕರೆಯ ಕಲ್ಲು ಕ್ವಾರಿ ನಡೆಸುವವನು. ನನ್ನ ಮಾತನ್ನೂ ಕೇಳಿ.

ಮೂರು ಎಕರೆಗೂ ಮುನ್ನೂರು ಎಕರೆಗೂ ಕಾಗದ ಹೆಚ್ಚುಕಡಿಮೆ ಒಂದೇ. ಸಲಹಾ ಸಂಸ್ಥೆಯವರು ವರದಿ ಬರೆದುಕೊಡುತ್ತಾರೆ, ಹಣ ಎಣಿಸಿಕೊಳ್ಳುತ್ತಾರೆ. ನನ್ನದು ಮಳೆಯೇ ಬೀಳದ ತಾಲ್ಲೂಕು. ನನಗೆ ಬಂದ ಕರಡಿನಲ್ಲಿ "ಸುತ್ತಲಿನ ಕಾಂಡ್ಲಾ ಕಾಡಿನ ಮೇಲೆ ಗಣನೀಯ ಪರಿಣಾಮ ಇರುವುದಿಲ್ಲ" ಎಂದಿತ್ತು. ಕಾಂಡ್ಲಾ ಎಂಬುದು ಉಪ್ಪುನೀರಿನ ಗಿಡ, ಇರುವುದು ಕಡಲ ಅಳಿವೆಯಲ್ಲಿ. ಕರಾವಳಿಯ ಯಾವುದೋ ವರದಿಯಿಂದ ಎತ್ತಿದ್ದು. ತೆಗೆಸಿದೆ, ಇಲ್ಲದಿದ್ದರೆ ಹಾಗೆಯೇ ಹೋಗುತ್ತಿತ್ತು. ಇಂತಹ ಕಾಗದದಿಂದ ಯಾವ ಪರಿಸರ ಉಳಿಯಿತು ಹೇಳಿ. ದೊಡ್ಡವನು ಇದನ್ನೆಲ್ಲ ಲೆಕ್ಕಕ್ಕೇ ಇಡುವುದಿಲ್ಲ, ಅವನಿಗೆ ಅದು ಖರ್ಚಿನ ಒಂದು ಸಾಲು. ಸಣ್ಣವನಿಗೆ ಒಂದು ವರ್ಷದ ದುಡಿಮೆ. ಹಾಗಾಗಿ ಸಣ್ಣ ಕೆಲಸಕ್ಕೆ ವಿನಾಯಿತಿ ಬೇಕೇ ಬೇಕು. ಅದನ್ನು ಪಾಪದ ಮಾತಿನಂತೆ ಆಡಬೇಡಿ.

ಕಾಲುಸಂಕ:
ಜಲ್ಲಿಕಲ್ಲು ಅವರ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ, ಕಾರಣ ಬೇರೆ.

ನಮ್ಮದು ಮಲೆನಾಡಿನ ಹನ್ನೊಂದು ಮನೆಗಳ ಕೇರಿ. ಮೀಸಲು ಅರಣ್ಯದ ನಡುವೆ. ಮಳೆಗಾಲದಲ್ಲಿ ಹಳ್ಳ ದಾಟಲು ಅಡಿಕೆ ಮರದ ದಬ್ಬೆಯ ಸಂಕ. ಮಕ್ಕಳ ಕೈಹಿಡಿದು ದಾಟಿಸಿ, ಶಾಲೆ ಬಿಡುವ ಹೊತ್ತಿಗೆ ಮತ್ತೆ ಹೋಗಿ ನಿಂತಿರುತ್ತೇವೆ. ಹತ್ತು ಹನ್ನೆರಡು ಮೀಟರಿನ ಸಿಮೆಂಟ್ ಸಂಕಕ್ಕೆ ಅರ್ಜಿ ಕೊಟ್ಟು ಆರು ವರ್ಷ ಆಯಿತು. "ಪರಿಸರದ ತೊಡಕು ಇದೆ" ಎನ್ನುತ್ತಾರೆ. ಇಲ್ಲಿ ಪೇಟೆಯಲ್ಲಿ ಕುಳಿತು ವಿನಾಯಿತಿ ಕೊಡಬಾರದು ಎಂದು ಬರೆಯುವವರು ಒಂದು ಜುಲೈ ತಿಂಗಳು ನಮ್ಮ ಮನೆಗೆ ಬಂದು ಇರಲಿ. ಊಟಕ್ಕೆ ತೊಂದರೆ ಇಲ್ಲ.

ಕರಿಕೋಟು:
ಕಾಲುಸಂಕ ಮೇಡಂ, ನಿಮ್ಮನ್ನು ಆರು ವರ್ಷ ನಿಲ್ಲಿಸಿರುವುದು ಪರಿಸರ ಪರಿಣಾಮ ಅಧಿಸೂಚನೆ ಅಲ್ಲವೇ ಅಲ್ಲ. ಕಾಲುಸಂಕ ಅದರ ಪಟ್ಟಿಯಲ್ಲಿ ಇಲ್ಲ. ನಿಮ್ಮದು ಅರಣ್ಯ ಭೂಮಿಯ ಪ್ರಶ್ನೆ, 1980ರ ಅರಣ್ಯ ಕಾಯ್ದೆಯದು. ಜನರ ಬಾಯಲ್ಲಿ "ಪರಿಸರದ ಅನುಮತಿ" ಎಂಬ ಒಂದೇ ಮಾತಿನೊಳಗೆ ನಾಲ್ಕು ಬೇರೆ ಬೇರೆ ಬಾಗಿಲುಗಳು ಸೇರಿಕೊಂಡಿವೆ: ಪರಿಸರ ಅನುಮತಿ, ಅರಣ್ಯ ಅನುಮತಿ, ವನ್ಯಜೀವಿ ಅನುಮತಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ. ಒಂದರ ವಿನಾಯಿತಿ ಇನ್ನೊಂದಕ್ಕೆ ನಡೆಯುವುದಿಲ್ಲ. ಇದನ್ನು ತಿಳಿಯದ ಅಧಿಕಾರಿಗಳೂ ಇದ್ದಾರೆ, ತಿಳಿದೂ ಹೇಳದವರೂ ಇದ್ದಾರೆ.

ಸಂತೋಷದ ಸಂಗತಿ ಎಂದರೆ ನಿಮಗೂ ಒಂದು ವಿನಾಯಿತಿ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಮೂರನೇ ಕಲಮು, ಎರಡನೇ ಉಪಕಲಮು. ಶಾಲೆ, ಅಂಗನವಾಡಿ, ರಸ್ತೆ, ಕುಡಿಯುವ ನೀರಿನ ಕೊಳವೆ, ಸಣ್ಣ ಕೆರೆ ಹೀಗೆ ಹದಿಮೂರು ಬಗೆಯ ಸರ್ಕಾರಿ ಸೌಕರ್ಯಗಳಿಗೆ ಅರಣ್ಯ ಭೂಮಿ ಕೊಡಬಹುದು. ಷರತ್ತು ಮೂರೇ. ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಭೂಮಿ. ಹೆಕ್ಟೇರಿಗೆ ಎಪ್ಪತ್ತೈದು ಮರಗಳಿಗಿಂತ ಹೆಚ್ಚು ಕಡಿಯುವಂತಿಲ್ಲ. ಗ್ರಾಮಸಭೆಯ ಶಿಫಾರಸು ಇರಬೇಕು. ಸಂಕವನ್ನು ರಸ್ತೆಯ ಭಾಗವೆಂದು ತೋರಿಸಿ ಈ ದಾರಿಯಲ್ಲಿ ಅರ್ಜಿ ಹಾಕಿ.

ನನ್ನ ಕಣ್ಣಿಗೆ ಈ ದೇಶದ ವಿನಾಯಿತಿಗಳಲ್ಲೆಲ್ಲ ಚೆನ್ನಾಗಿ ಹೊಲಿದದ್ದು ಇದೇ. ಅಳತೆ ಇದೆ, ಮರದ ಲೆಕ್ಕ ಇದೆ, ಕೊನೆಗೆ ಊರಿನ ಬಾಯಿಯೂ ಇದೆ.

ಕಾಲುಸಂಕ:
ಆರು ವರ್ಷದಲ್ಲಿ ಯಾರೂ ಇದನ್ನು ಹೇಳಲಿಲ್ಲ. ಮೂರನೇ ಕಲಮು ಎಂದು ಬರೆದಿಟ್ಟುಕೊಂಡೆ.

ಘಟ್ಟದ ಕೆಳಗೆ:
ಸಣ್ಣದು ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಅದಕ್ಕೆ ಕಾರಣ 24.75 ಎಂಬ ಸಂಖ್ಯೆ.

ಜಲವಿದ್ಯುತ್ತಿಗೆ 2006ರ ಅಧಿಸೂಚನೆಯಲ್ಲಿ ಮೊದಲು 50 ಮೆಗಾವ್ಯಾಟಿಗೆ ಮೇಲ್ಪಟ್ಟದ್ದು 'ಎ', 25ರಿಂದ 50ರವರೆಗೆ 'ಬಿ' ಆಗಿತ್ತು. 25ಕ್ಕಿಂತ ಕಡಿಮೆ ಇದ್ದರೆ ಪಟ್ಟಿಯಲ್ಲೇ ಇಲ್ಲ. ಸಾರ್ವಜನಿಕ ವಿಚಾರಣೆ ಇಲ್ಲ, ವರದಿ ಇಲ್ಲ. ಈಗ ಕಿರು ಜಲವಿದ್ಯುತ್ ಯೋಜನೆಗಳ ಪಟ್ಟಿ ತೆಗೆದು ನೋಡಿ. 24, 24.75 ಹೀಗೆ ಇಪ್ಪತ್ತೈದರ ಹೊಸ್ತಿಲಲ್ಲಿ ಎಷ್ಟು ಜನ ಕಾಲು ಹಿಂದಿಟ್ಟು ನಿಂತಿದ್ದಾರೆ ಎಂದು ಕಾಣುತ್ತದೆ. ನದಿ ತನ್ನ ಶಕ್ತಿಯನ್ನು ಇಷ್ಟು ಕರಾರುವಾಕ್ಕಾಗಿ ಇಪ್ಪತ್ತೈದರ ಕೆಳಗೆ ಇಟ್ಟುಕೊಳ್ಳುತ್ತದೆಯೇ?

ದೊಡ್ಡ ಅಣೆಕಟ್ಟಿನ ಮುಳುಗಡೆ ಇಲ್ಲ ಎಂಬುದು ಅವರ ವಾದ. ಒಪ್ಪೋಣ. ಆದರೆ ನದಿಗೆ ಅಡ್ಡಗಟ್ಟೆ ಕಟ್ಟಿ, ನೀರನ್ನು ಕಾಲುವೆಗೋ ಸುರಂಗಕ್ಕೋ ತಿರುಗಿಸಿ, ಕೆಳಗೆ ಯಂತ್ರ ತಿರುಗಿಸಿದ ಮೇಲೆ ಮತ್ತೆ ನದಿಗೆ ಬಿಡುತ್ತಾರೆ. ಅಡ್ಡಗಟ್ಟೆಗೂ ವಿದ್ಯುದಾಗಾರಕ್ಕೂ ನಡುವಿನ ನದಿ ಬೇಸಿಗೆಯಲ್ಲಿ ಬರೀ ಬಂಡೆ. ಒಂದೇ ನದಿಯಲ್ಲಿ ಒಂದರ ಕೆಳಗೊಂದು ಇಂತಹ ನಾಲ್ಕು ಬಂದರೆ? ನಾಲ್ಕೂ ಸಣ್ಣವು, ನಾಲ್ಕಕ್ಕೂ ವಿನಾಯಿತಿ. ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳು ಮಂಡಕ್ಕಿಗೆ ಮುಗಿಬೀಳುವುದನ್ನು ನೋಡಿದ್ದೀರಲ್ಲ. ಆ ಜಾತಿಯ ಮೀನು ಮೊಟ್ಟೆಯಿಡಲು ಹೊಳೆಯ ಮೇಲಕ್ಕೆ ಈಜಬೇಕು. ಅದಕ್ಕೆ ಮೆಗಾವ್ಯಾಟಿನ ಲೆಕ್ಕ ಗೊತ್ತಿಲ್ಲ, ಅಡ್ಡ ಒಂದು ಗೋಡೆ ಇದೆಯೋ ಇಲ್ಲವೋ ಅಷ್ಟೇ.

ಮೆಗಾವ್ಯಾಟ್ ಎಂಬುದು ಎಷ್ಟು ವಿದ್ಯುತ್ ಮಾರುತ್ತೀರಿ ಎಂಬ ಅಳತೆ. ಎಷ್ಟು ನದಿ ಒಣಗುತ್ತದೆ ಎಂಬ ಅಳತೆ ಅದಲ್ಲ.

ತಲೆಹರಟೆ:
ನನ್ನ ಅಜ್ಜಿ ಹಲಸಿನ ಹಣ್ಣನ್ನು ಒಂದೇ ಸಲ ತಿನ್ನಬಾರದೆಂದು ವೈದ್ಯರು ಹೇಳಿದ ಮೇಲೆ ತೊಳೆ ತೊಳೆಯಾಗಿ ತಿಂದು ಮುಗಿಸುತ್ತಿದ್ದರು.

ಕರಿಕೋಟು:
ತಲೆಹರಟೆಯವರ ಅಜ್ಜಿಯ ವಿದ್ಯೆ ಹೆದ್ದಾರಿಯಲ್ಲೂ ಇದೆ. ರಾಷ್ಟ್ರೀಯ ಹೆದ್ದಾರಿ ಅಗಲಿಸುವ ಕೆಲಸ 100 ಕಿಲೋಮೀಟರಿಗಿಂತ ಉದ್ದವಿದ್ದು, ಹೆಚ್ಚುವರಿ ಭೂಮಿಯ ಅಗಲವೂ ನಿಗದಿತ ಮಿತಿ ದಾಟಿದರೆ ಮಾತ್ರ ಅನುಮತಿ ಎಂದು 2013ರಲ್ಲಿ ಸಡಿಲಿಸಿದರು. ಉತ್ತರಾಖಂಡದ ಚಾರ್‌ಧಾಮ್ ರಸ್ತೆ ಸುಮಾರು 900 ಕಿಲೋಮೀಟರ್. ಅದನ್ನು 53 ತುಂಡುಗಳಾಗಿ ಕೈಗೆತ್ತಿಕೊಂಡರು. ಯಾವ ತುಂಡೂ ನೂರು ಮುಟ್ಟಲಿಲ್ಲ. ಹಿಮಾಲಯಕ್ಕೆ ಮಾತ್ರ 53 ತುಂಡುಗಳಾಗಲು ಬರಲಿಲ್ಲ.

ಈಗ ಬೆಳಿಗ್ಗೆ ಬಿಟ್ಟ ಕಥೆ. 2012ರ ಫೆಬ್ರುವರಿ 27ರಂದು ಸುಪ್ರೀಂ ಕೋರ್ಟು ದೀಪಕ್ ಕುಮಾರ್ ಮತ್ತು ಹರಿಯಾಣ ರಾಜ್ಯದ ನಡುವಿನ ಪ್ರಕರಣದಲ್ಲಿ ಒಂದು ಮಾತು ಹೇಳಿತು. ಐದು ಹೆಕ್ಟೇರಿಗಿಂತ ಕಡಿಮೆ ಇರುವ ಉಪಖನಿಜ ಗುತ್ತಿಗೆಗೂ ಪರಿಸರ ಅನುಮತಿ ಬೇಕು. ಅದುವರೆಗೆ ಐದರ ಕೆಳಗೆ ವಿನಾಯಿತಿ ಇತ್ತು. ಆದ್ದರಿಂದಲೇ ನದಿಪಾತ್ರವನ್ನು ಐದೈದು ಹೆಕ್ಟೇರಿನೊಳಗೆ ಕತ್ತರಿಸಿ ಹಂಚುತ್ತಿದ್ದರು. ಈ ತೀರ್ಪು ಬಂದ ಮೇಲೆ ನಿಜವಾದ ಸಣ್ಣವರಿಗೆ, ಕುಂಬಾರರಿಗೆ ಸಮೇತ, ತೊಂದರೆಯಾಯಿತು. ಅದಕ್ಕಾಗಿಯೇ 2016ರ ಒಂಬತ್ತನೇ ಅನುಬಂಧ ಬಂದದ್ದು. ಜೊತೆಗೆ ಇನ್ನೊಂದು ಒಳ್ಳೆಯ ನಿಯಮವೂ ಬಂತು. ಎರಡು ಗುತ್ತಿಗೆಗಳ ಅಂಚುಗಳ ನಡುವೆ 500 ಮೀಟರಿಗಿಂತ ಕಡಿಮೆ ಅಂತರವಿದ್ದರೆ ಅವನ್ನು ಒಂದೇ ಗುಂಪೆಂದು ಕೂಡಿಸಿ ನೋಡಬೇಕು. ಜಲ್ಲಿಕಲ್ಲು ಅವರಿಗೆ ಇದು ಗೊತ್ತಿರುತ್ತದೆ. ಆದರೆ ಐದರಿಂದ ಇಪ್ಪತ್ತೈದು ಹೆಕ್ಟೇರಿನವರೆಗೂ ಸಾರ್ವಜನಿಕ ವಿಚಾರಣೆ ಬೇಡವೆಂದು ಬಿಟ್ಟದ್ದನ್ನು ಹಸಿರು ನ್ಯಾಯಮಂಡಳಿ 2018ರ ಸೆಪ್ಟೆಂಬರ್‌ನಲ್ಲಿ ಒಪ್ಪಲಿಲ್ಲ.

ಮುಂದೆ ಕೇಳಿ. 2020ರ ಮಾರ್ಚ್ 28. ದೇಶಕ್ಕೆ ದೇಶವೇ ಲಾಕ್‌ಡೌನಿನಲ್ಲಿ ಬಾಗಿಲು ಹಾಕಿಕೊಂಡು ಕುಳಿತಿತ್ತು. ಆಗ ಒಂಬತ್ತನೇ ಅನುಬಂಧವನ್ನು ತಿದ್ದಿ, ಕುಂಬಾರರ ಮತ್ತು ಕೆರೆ ಹೂಳಿನ ಸಾಲಿನ ಪಕ್ಕದಲ್ಲೇ ಒಂದು ಹೊಸ ಸಾಲು ಸೇರಿಸಿದರು: ರಸ್ತೆ, ಕೊಳವೆ ಮಾರ್ಗ ಮುಂತಾದ ಉದ್ದನೆಯ ಯೋಜನೆಗಳಿಗೆ ತೆಗೆಯುವ ಸಾಧಾರಣ ಮಣ್ಣಿಗೂ ಅನುಮತಿ ಬೇಡ. ಎಷ್ಟು ಮಣ್ಣು? ಹೇಳಿಲ್ಲ. ಎಷ್ಟು ಜಾಗದಿಂದ? ಹೇಳಿಲ್ಲ. ಉದ್ದನೆಯ ಯೋಜನೆ ಎಂದರೆ ಯಾವುದು? ವಿವರಣೆ ಇಲ್ಲ. ಆಕ್ಷೇಪಣೆ ಕರೆಯಲೂ ಇಲ್ಲ. 2024ರ ಮಾರ್ಚ್ 21ರಂದು ಸುಪ್ರೀಂ ಕೋರ್ಟು ಇದೇ ಕಾರಣಗಳಿಗಾಗಿ ಆ ಸಾಲನ್ನು ಸ್ವೇಚ್ಛೆಯದೆಂದು ಹೇಳಿ ಹೊಡೆದು ಹಾಕಿತು. ಕುಂಬಾರರ ಸಾಲು ಉಳಿಯಿತು, ಕೆರೆಯ ಸಾಲು ಉಳಿಯಿತು.

ಕೆರೆಯಂಗಳ ಅವರೇ, ನಿಮ್ಮ ಉಪಗುತ್ತಿಗೆದಾರರು 2024ರಲ್ಲಿ ಬಿದ್ದುಹೋದ ಸಾಲಿನ ಕೆಲಸವನ್ನು ನಿಂತಿರುವ ಸಾಲಿನ ಹೆಸರಲ್ಲಿ ಕೇಳುತ್ತಿದ್ದಾರೆ. ಆಮೇಲೆ ಬಂದ ತಿದ್ದುಪಡಿಯೋ ಬೇರೆ ಯಾವುದಾದರೂ ಆಧಾರವೋ ಅವರಿಗೆ ಇದ್ದರೆ ಅದರ ಪ್ರತಿಯನ್ನು ಗ್ರಾಮಸಭೆಗೆ ಅವರೇ ತಂದು ತೋರಿಸಲಿ. ಹುಡುಕುವ ಹೊರೆ ನಿಮ್ಮದಲ್ಲ.

ಜಲ್ಲಿಕಲ್ಲು:
ಕೆರೆ ಹೂಳು ತೆಗೆದು ಆ ಮಣ್ಣನ್ನು ಹೆದ್ದಾರಿಗೆ ಬಳಸುವುದನ್ನು ಮಹಾರಾಷ್ಟ್ರದ ಬುಲ್ಢಾಣಾದಲ್ಲಿ ಸರ್ಕಾರವೇ ಮಾಡಿ ತೋರಿಸಿದೆ. ಕೆರೆಗೆ ಕೆರೆಯೂ ಆಯಿತು, ರಸ್ತೆಗೆ ರಸ್ತೆಯೂ ಆಯಿತು. 2022ರಲ್ಲಿ ಶುರುವಾದ ಅಮೃತ ಸರೋವರ ಯೋಜನೆಯಲ್ಲೂ ಇದೇ ಆಲೋಚನೆ ಇತ್ತು. ಒಳ್ಳೆಯ ಕೆಲಸಕ್ಕೆ ಎಷ್ಟು ಅನುಮಾನ!

ನಿವೃತ್ತ ಓವರ್‌ಸಿಯರ್:
ಕಾನೂನಿನ ಮಾತು ಸಾಕು, ಸ್ವಲ್ಪ ಮಣ್ಣಿನ ಮಾತು ಆಡುತ್ತೇನೆ. ಸಣ್ಣ ನೀರಾವರಿಯಲ್ಲಿ ಮೂವತ್ತೆರಡು ವರ್ಷ ಕೆರೆ ಸುತ್ತಿದವನು ನಾನು.

ಜಲ್ಲಿಕಲ್ಲು ಅವರು ಹೇಳಿದ್ದು ಸುಳ್ಳಲ್ಲ. ಸರಿಯಾಗಿ ಮಾಡಿದರೆ ಕೆರೆಗೂ ರಸ್ತೆಗೂ ಲಾಭ. ಆದರೆ ಒಂದು ಗುಟ್ಟು ತಿಳಿದಿರಲಿ. ರಸ್ತೆಗೆ ಬೇಕಾದ ಮಣ್ಣು ಹೂಳಲ್ಲ. ಹೂಳು ಎಂದರೆ ಗೋಡು, ನುಣ್ಣನೆಯ ಎರೆಯಂತಹ ಜಿಗುಟು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲೆ ಹೆದ್ದಾರಿ ನಿಲ್ಲುವುದಿಲ್ಲ. ಅದು ಹೊಲಕ್ಕೆ ಬಂಗಾರ, ರಸ್ತೆಗೆ ಕಸ. ರಸ್ತೆಯವರಿಗೆ ಬೇಕಾದದ್ದು ಹೂಳಿನ ಕೆಳಗಿರುವ ಗಟ್ಟಿ ಗರಸು. ಅದು ಕೆರೆಯ ಮೂಲ ತಳ. ಆದ್ದರಿಂದ ಏನಾಗುತ್ತದೆ ಎಂದರೆ ಮೇಲಿನ ಗೋಡನ್ನು ಒಂದು ಮೂಲೆಗೆ ತಳ್ಳಿ, ಒಳ್ಳೆಯ ಮಣ್ಣು ಸಿಗುವ ಕಡೆ ಬಾವಿಯಂತೆ ತೋಡುತ್ತಾರೆ. ಇಪ್ಪತ್ತು ಅಡಿ ಗುಂಡಿ, ಪಕ್ಕದಲ್ಲಿ ಹೂಳಿನ ದಿಬ್ಬ ಹಾಗೆಯೇ. ಮಳೆ ಬಂದ ಮೇಲೆ ಎಲ್ಲಿ ಎಷ್ಟು ಆಳವೆಂದು ದನಕಾಯುವ ಹುಡುಗರಿಗೆ ತಿಳಿಯುವುದಿಲ್ಲ. ಹಾಗೆ ಮುಳುಗಿದ ಮಕ್ಕಳ ಹೆಣ ಎತ್ತುವಾಗ ಏರಿಯ ಮೇಲೆ ನಿಂತಿದ್ದೇನೆ, ಹೆಚ್ಚು ಬರೆಯಲಾರೆ.

ಇನ್ನೊಂದು. ಕೆರೆ ನೀರು ಹಿಡಿಯುವುದು ತಳದ ಜೇಡಿ ಪದರದಿಂದ. ಅದನ್ನು ಸೀಳಿ ಮರಳು ಪದರ ಮುಟ್ಟಿದಿರೋ, ಕೆರೆ ಸೋರುಗಡಿಗೆಯಾಗುತ್ತದೆ. ಬಾವಿಗಳಿಗೆ ಇಂಗುತ್ತದೆ ಎಂದು ಕೆಲವರು ಸಂತೋಷ ಪಡುತ್ತಾರೆ. ಎಲ್ಲಿಗೆ ಇಂಗುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಮರಳು ಕಂಡ ದಿನ ರಾತ್ರಿಯಿಂದ ಲಾರಿಗಳ ಬಣ್ಣವೂ ಬೇರೆಯಾಗುತ್ತದೆ, ಅದನ್ನೂ ಕಂಡಿದ್ದೇನೆ.

ತೂಬಿನ ತಳಮಟ್ಟ ನೋಡಿಕೊಳ್ಳಿ. ಅದಕ್ಕಿಂತ ಕೆಳಗೆ ತೋಡಿದ್ದರಲ್ಲಿ ನಿಂತ ನೀರು ಕಾಲುವೆಗೆ ಬರುವುದಿಲ್ಲ. ದನಕರುಗಳಿಗೆ ಸ್ವಲ್ಪ ನಿಲ್ಲಲಿ ಎಂದು ಒಂದು ಮೂಲೆಯಲ್ಲಿ ಮಾಡಿಸಬಹುದು, ಇಡೀ ಕೆರೆಯನ್ನಲ್ಲ. ಏರಿಯ ಬುಡವನ್ನು ಮುಟ್ಟಲೇಬೇಡಿ. ಬುಡ ಸಡಿಲವಾದರೆ ಒಳಗಿನ ಕಲ್ಲುಕಟ್ಟಣೆ ಜಾರುತ್ತದೆ, ಮುಂದಿನ ದೊಡ್ಡ ಮಳೆಗೆ ಏರಿಯೇ ಹೋಗುತ್ತದೆ. ಹೂಳು ಎಷ್ಟು ಆಳವಿದೆ ಎಂದು ತಿಳಿಯಲು ವರದಿ ಬೇಡ. ಏಳೆಂಟು ಕಡೆ ಗುಂಡಿ ತೋಡಿ, ಕೆರೆಯ ನೀರು ಬಿಡುವ ಊರಿನ ಹಳೆಯ ನೀರಗಂಟಿಯನ್ನು ಕರೆದು ತೋರಿಸಿ. ಗೋಡು ಎಲ್ಲಿ ಮುಗಿಯಿತು, ತಳ ಎಲ್ಲಿ ಶುರುವಾಯಿತು ಎಂದು ಬೆರಳಲ್ಲಿ ಉಜ್ಜಿ ಹೇಳುತ್ತಾನೆ.

ಕೆರೆಯಂಗಳ:
ಓವರ್‌ಸಿಯರ್ ಸರ್, ಕೈ ಮುಗಿಯುತ್ತೇನೆ. ಅವರು ಮೊದಲ ದಿನವೇ "ಮೇಲಿನ ಮಣ್ಣು ಬೇಕಾದರೆ ರೈತರು ಒಯ್ಯಲಿ" ಎಂದು ಧಾರಾಳ ತೋರಿಸಿದ್ದರು. ಎಷ್ಟು ಒಳ್ಳೆಯವರು ಎಂದುಕೊಂಡಿದ್ದೆವು.

ಸೂರ್ಯಪಾಲು:
ಚರ್ಚೆ ಸಣ್ಣದರ ಸುತ್ತ ತಿರುಗುತ್ತಿದೆ. ದೊಡ್ಡದಾಗಿದ್ದೂ ವಿನಾಯಿತಿ ಪಡೆದದ್ದನ್ನು ಯಾರೂ ಎತ್ತಲಿಲ್ಲ. ನಾನು ಪಾವಗಡದ ಕಡೆಯವನು. ನಮ್ಮಲ್ಲಿನ ಸೌರ ಪಾರ್ಕು 2,050 ಮೆಗಾವ್ಯಾಟ್, ಸುಮಾರು 13,000 ಎಕರೆ. ಸೌರ ಫಲಕದ ಯೋಜನೆಗಳಿಗೆ ಪರಿಸರ ಅನುಮತಿ ಬೇಡ. ರೈಲು ಮಾರ್ಗವೂ ಆ ಪಟ್ಟಿಯಲ್ಲಿ ಇಲ್ಲ. ಗುತ್ತಿಗೆ ಹಣ ಬಂದ ಭೂಮಾಲೀಕರಿಗೆ ಅನುಕೂಲವಾಗಿದೆ, ಇಲ್ಲವೆನ್ನುವುದಿಲ್ಲ, ನಮ್ಮ ಮನೆಗೂ ಬರುತ್ತದೆ. ಕುರಿ ಮೇಯಿಸುತ್ತಿದ್ದವರಿಗೆ, ಕೂಲಿಗೆ ಹೋಗುತ್ತಿದ್ದವರಿಗೆ ಬರುವುದಿಲ್ಲ. ಸಾರ್ವಜನಿಕ ವಿಚಾರಣೆ ನಡೆದಿದ್ದರೆ ಕುರಿಗಾಹಿ ಒಬ್ಬನಾದರೂ ಎದ್ದು ನಿಂತು ಮಾತಾಡುತ್ತಿದ್ದನೇನೋ. ಅಷ್ಟೇ ನನ್ನ ಮಾತು.

ದೂರದ ಕನ್ನಡಿಗ:
ನಾನು ಕ್ಯಾಲಿಫೋರ್ನಿಯಾದಲ್ಲಿ ನಗರ ಯೋಜನೆಯ ಕೆಲಸದಲ್ಲಿದ್ದೇನೆ. ಅಲ್ಲಿಯದನ್ನು ತಂದು ಇಲ್ಲಿ ಹಾಕುವ ಹಟ ನನಗಿಲ್ಲ, ಎರಡು ಸಂಗತಿ ಮಾತ್ರ ಹೇಳುತ್ತೇನೆ.

ಕ್ಯಾಲಿಫೋರ್ನಿಯಾದ ಪರಿಸರ ಪರಿಶೀಲನೆಯ ಕಾನೂನು 1970ರದ್ದು. ಅದರಲ್ಲಿ ಸಣ್ಣ ಕೆಲಸಗಳಿಗೆ ವರ್ಗ ವರ್ಗವಾಗಿ ವಿನಾಯಿತಿಗಳಿವೆ: ಇರುವ ಕಟ್ಟಡದ ದುರಸ್ತಿ, ಒಂದು ಮನೆ ಕಟ್ಟುವುದು, ಹೀಗೆ. ಆದರೆ ವಿನಾಯಿತಿಗೂ ಒಂದು ವಿನಾಯಿತಿ ಇಟ್ಟಿದ್ದಾರೆ. ಅದೇ ಜಾಗದಲ್ಲಿ ಅದೇ ಬಗೆಯ ಕೆಲಸಗಳು ಒಂದರ ಮೇಲೊಂದು ಬರುತ್ತಿದ್ದು, ಒಟ್ಟು ಪರಿಣಾಮ ದೊಡ್ಡದಾಗುವಂತಿದ್ದರೆ ವಿನಾಯಿತಿ ಬಿದ್ದುಹೋಗುತ್ತದೆ. ಘಟ್ಟದ ಕೆಳಗೆ ಅವರ ನಾಲ್ಕು ಅಡ್ಡಗಟ್ಟೆಗಳಿಗೆ ಇದೇ ಮದ್ದು.

ಎರಡನೆಯದು ನನಗೆ ಇನ್ನೂ ಇಷ್ಟ. ವಿನಾಯಿತಿ ಪಡೆದ ಸಂಸ್ಥೆ "ನಾವು ಈ ಕೆಲಸಕ್ಕೆ ಇಂತಹ ಕಾರಣಕ್ಕೆ ವಿನಾಯಿತಿ ತೆಗೆದುಕೊಂಡೆವು" ಎಂದು ಒಂದು ಪುಟದ ಸೂಚನೆಯನ್ನು ಸ್ಥಳೀಯ ಕಚೇರಿಯಲ್ಲಿ ದಾಖಲಿಸಬಹುದು. ಕಡ್ಡಾಯವಲ್ಲ. ಆದರೆ ದಾಖಲಿಸಿದರೆ ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋಗಲು 35 ದಿನಗಳ ಅವಕಾಶ. ದಾಖಲಿಸದೆ ಸುಮ್ಮನಿದ್ದರೆ 180 ದಿನ. ಮುಚ್ಚಿಟ್ಟವನ ತಲೆಯ ಮೇಲೆ ಕತ್ತಿ ಹೆಚ್ಚು ಕಾಲ ತೂಗುತ್ತದೆ. ಹಾಗಾಗಿ ಹೆಚ್ಚಿನವರು ತಾವಾಗಿಯೇ ಹೇಳಿಬಿಡುತ್ತಾರೆ.

ಅಂದ ಮಾತ್ರಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಎಲ್ಲವೂ ಸುಸೂತ್ರ ಎಂದುಕೊಳ್ಳಬೇಡಿ. ಪಕ್ಕದಲ್ಲಿ ಬಡವರ ಮನೆಗಳು ಬರಬಾರದೆಂದು ಇದೇ ಪರಿಸರ ಕಾನೂನನ್ನು ಹಿಡಿದು ವರ್ಷಗಟ್ಟಲೆ ವ್ಯಾಜ್ಯ ಆಡುವ ಉಳ್ಳವರೂ ಇದ್ದಾರೆ.

ಘಟ್ಟದ ಕೆಳಗೆ:
ಅದನ್ನೇ ನಾನು ಹೇಳಲು ಒದ್ದಾಡುತ್ತಿದ್ದದ್ದು. ನಮ್ಮಲ್ಲಿ ವಿನಾಯಿತಿ ಎಂದರೆ ಕಾಗದವೇ ಇಲ್ಲ ಎಂದರ್ಥ. ಅನುಮತಿ ಪಡೆದ ಯೋಜನೆಯ ಕಡತವನ್ನಾದರೂ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ವಿನಾಯಿತಿಯದು ಏನು ಕೇಳುತ್ತೀರಿ? "ಕಡತ ಲಭ್ಯವಿಲ್ಲ" ಎಂಬ ಉತ್ತರ ಸತ್ಯವೇ ಆಗಿರುತ್ತದೆ. ಒಂದು ಹೊಳೆಯಲ್ಲಿ ವಿನಾಯಿತಿ ಪಡೆದ ಎಷ್ಟು ಕೆಲಸಗಳಿವೆ ಎಂದು ಕೂಡಿಸುವ ಕೆಲಸ ಯಾವ ಕಚೇರಿಯದೂ ಅಲ್ಲ.

ಜಲ್ಲಿಕಲ್ಲು:
ಒಂದು ಪುಟ ಎಂದರೆ ನನಗೆ ಒಪ್ಪಿಗೆ. ಕಾಂಡ್ಲಾ ಕಾಡಿನ ಇನ್ನೂರು ಪುಟಕ್ಕಿಂತ ಲೇಸು. ಕ್ವಾರಿಯ ಗೇಟಿಗೆ ನಾನೇ ಅಂಟಿಸುತ್ತೇನೆ. ಆದರೆ ಅದನ್ನು ಹಿಡಿದು ಊರಿನ ಪುಢಾರಿಗಳು ವಸೂಲಿಗೆ ಬಂದರೆ? ನಗಬೇಡಿ, ಬರುತ್ತಾರೆ. ಗ್ರಾಮಸಭೆ ಎಂದಾಗ ನಿಮಗೆ ಮರದ ಕೆಳಗೆ ಕುಳಿತ ಹಿರಿಯರು ಕಾಣುತ್ತಾರೆ, ನನಗೆ ಲಕೋಟೆ ಕೇಳುವ ಮೂರು ಮುಖಗಳು ಕಾಣುತ್ತವೆ.

ಸೂರ್ಯಪಾಲು:
ಈ ಮಾತಿಗೆ ಉತ್ತರ ನನ್ನಲ್ಲೂ ಇಲ್ಲ.

ಕರಿಕೋಟು:
ಜಲ್ಲಿಕಲ್ಲು ಅವರ ಭಯ ನಿಜ. ಆದರೆ ಲಕೋಟೆಗೆ ಕತ್ತಲೆ ಬೇಕು. ಎಲ್ಲರೂ ಓದಬಹುದಾದ ಹಾಳೆ ಗೋಡೆಯ ಮೇಲಿದ್ದರೆ ಅದನ್ನು ಮಾರುವುದು ಕಷ್ಟ. ಅಸಾಧ್ಯ ಎನ್ನುವುದಿಲ್ಲ.

ಇನ್ನೊಂದು ತೀರ್ಪು ನೆನಪಾಯಿತು, ವಿಷಯಕ್ಕೆ ಹತ್ತಿರದ್ದು. 1999ರಲ್ಲಿ ಯುರೋಪಿನ ನ್ಯಾಯಾಲಯ ಐರ್ಲೆಂಡಿನ ವಿರುದ್ಧ ತೀರ್ಪು ಕೊಟ್ಟಿತು. ಐರ್ಲೆಂಡು ಇಂತಿಷ್ಟು ಹೆಕ್ಟೇರಿನ ಕೆಳಗಿದ್ದರೆ ಪರಿಶೀಲನೆ ಬೇಡ ಎಂದು ಗೆರೆ ಹಾಕಿತ್ತು. ಬರೀ ಗಾತ್ರ ನೋಡಿದರೆ ಸಾಲದು, ಯಾವ ಜಾಗ ಎಂಬುದನ್ನೂ, ಪಕ್ಕದವುಗಳ ಜೊತೆ ಕೂಡಿದರೆ ಏನಾಗುತ್ತದೆ ಎಂಬುದನ್ನೂ ನೋಡಬೇಕು ಎಂದಿತು ನ್ಯಾಯಾಲಯ. ಅಲ್ಲಿ ಕರಗುತ್ತಿದ್ದದ್ದು ಪೀಟ್ ಎಂಬ ಜೌಗು ನೆಲ, ತುಂಡು ತುಂಡಾಗಿ. ನಮ್ಮಲ್ಲಿ ಕಟ್ಟಡಕ್ಕೆ 20,000 ಚದರ ಮೀಟರ್ ಎಂಬ ಗೆರೆ ಇದೆ. ಬಯಲಲ್ಲೂ ಅದೇ, ಜಾರುವ ಗುಡ್ಡದ ಮೇಲೂ ಅದೇ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಇಳಿಜಾರು ಕಡಿದು ಮಾಡಿದ ಸಣ್ಣ ಸಣ್ಣ ಸಮತಟ್ಟುಗಳ ಮಾತು ಎಷ್ಟು ಬಂತು ನೆನಪಿಸಿಕೊಳ್ಳಿ. ಅವುಗಳಲ್ಲಿ 20,000 ಮುಟ್ಟುವುದು ಎಷ್ಟಿದ್ದೀತು?

ಕಾಲುಸಂಕ:
ಗೆರೆ ಎಲ್ಲ ಕಡೆ ಒಂದೇ ಇದ್ದರೆ ನಮ್ಮಂಥವರಿಗೂ ಕಷ್ಟವೇ. ನಮ್ಮ ಸಂಕ ದಡದ ಎರಡು ಮರ ಕೇಳುತ್ತದೆ. ರೆಸಾರ್ಟಿನ ರಸ್ತೆ ಗುಡ್ಡದ ಹೊಟ್ಟೆ ಕೇಳುತ್ತದೆ. ಅರ್ಜಿ ನಮೂನೆಯಲ್ಲಿ ಎರಡಕ್ಕೂ ಒಂದೇ ಖಾನೆ.

ಕೆರೆಯಂಗಳ:
ಗ್ರಾಮಸಭೆ ನಿನ್ನೆ ಮುಗಿಯಿತು. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಗಲಾಟೆ ಆಯಿತು. "ಪುಕ್ಕಟೆ ಬಂದದ್ದನ್ನು ಒದೆಯುತ್ತೀಯಾ" ಎಂದು ನನ್ನ ದೊಡ್ಡಪ್ಪನ ಮಗನೇ ಕೂಗಿದ. ಸಭೆಗೆ ಎರಡು ದಿನ ಮೊದಲು ನಾವು ಆರು ಜನ ಸೇರಿ ಎಂಟು ಕಡೆ ಗುಂಡಿ ತೋಡಿಸಿದ್ದೆವು. ನೀರಗಂಟಿ ತಾತನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿದೆವು. ಕೋಡಿಯ ಕಡೆ ಒಂದೂವರೆ ಅಡಿಗೇ ಗೋಡು ಮುಗಿದು ಗರಸು ಸಿಕ್ಕಿತು. ತೂಬಿನ ಕಡೆ ನಾಲ್ಕೂವರೆ ಅಡಿ ಗೋಡು. ಉಪಗುತ್ತಿಗೆದಾರರು ತಂದ ನಕ್ಷೆಯಲ್ಲಿ ಅಗೆಯಬೇಕೆಂದು ಗುರುತು ಹಾಕಿದ್ದು ಕೋಡಿಯ ಕಡೆ, ಹನ್ನೆರಡು ಅಡಿ. ಎರಡನ್ನೂ ಪಕ್ಕ ಪಕ್ಕ ಇಟ್ಟಾಗ ಸಭೆ ತಾನಾಗಿಯೇ ತಣ್ಣಗಾಯಿತು. ದಾಖಲೆಯ ಪ್ರತಿ ಕೊಡಿ ಎಂದಾಗ "ಕಚೇರಿಯಿಂದ ಕಳುಹಿಸುತ್ತೇವೆ" ಎಂದು ಹೋದರು.

ಕೊನೆಗೆ ಹೀಗೆ ಬರೆದುಕೊಂಡೆವು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಸಹಿ ಹಾಕಿದ್ದಾರೆ. ತೂಬಿನ ಕಡೆಯ ಗೋಡು ಮಾತ್ರ ತೆಗೆಯುವುದು. ತೂಬಿನ ತಳಮಟ್ಟಕ್ಕಿಂತ ಕೆಳಗಿಲ್ಲ. ಏರಿಯ ಬುಡದಿಂದ ಐವತ್ತು ಅಡಿ ಬಿಡುವುದು. ಮಣ್ಣು ಊರಿನ ಹೊಲಗಳಿಗೆ, ಟ್ರಾಕ್ಟರಿನ ಖರ್ಚು ಒಯ್ಯುವವರದ್ದು. ಅಗೆತಕ್ಕೆ ಪಂಚಾಯಿತಿಯಲ್ಲಿ ಎಷ್ಟು ಸಿಗುತ್ತದೋ ಅಷ್ಟು, ಉಳಿದದ್ದು ಮುಂದಿನ ಬೇಸಿಗೆಗೆ. ಮರಳು ಕಂಡರೆ ಅಂದೇ ಕೆಲಸ ನಿಲ್ಲಿಸುವುದು. ಇದನ್ನು ದಪ್ಪ ಅಕ್ಷರದಲ್ಲಿ ಬರೆಸಿ ತೂಬಿನ ಕಲ್ಲಿಗೂ ಪಂಚಾಯಿತಿ ಗೋಡೆಗೂ ಅಂಟಿಸಿದ್ದೇವೆ. ಅನುಮತಿ ಬೇಡದ ಕೆಲಸಕ್ಕೆ ಇದೇನು ಹಾಳೆ ಎಂದು ದಾರಿಹೋಕರು ಕೇಳುತ್ತಿದ್ದಾರೆ.

ಒಂದು ಪ್ರಶ್ನೆ ಉಳಿದಿದೆ. ಊರಿನ ಇಟ್ಟಿಗೆ ಗೂಡಿನವರು ತಮಗೂ ನಾಲ್ಕು ಲೋಡು ಕೊಡಿ ಎನ್ನುತ್ತಿದ್ದಾರೆ. ಅವರೂ ಊರವರೇ. ಕೊಡಬಹುದೇ?

ಕರಿಕೋಟು:
ಇಟ್ಟಿಗೆ ಮಣ್ಣೂ ಉಪಖನಿಜವೇ. ಹೊಲಕ್ಕೆ ಹಾಕಿದರೆ ಅದು ಊರ ಕೆಲಸ. ಸುಟ್ಟು ಮಾರುವುದಾದರೆ ಅವರು ಗಣಿ ಇಲಾಖೆಯಲ್ಲಿ ಕೇಳಿಕೊಂಡು ಬರಲಿ. ಇಂದು ನಾಲ್ಕು ಲೋಡು ಎನ್ನುತ್ತಾರೆ. ಎಣಿಸುವವರು ಯಾರು?

ನಿವೃತ್ತ ಓವರ್‌ಸಿಯರ್:
ನೀರಗಂಟಿ ತಾತನನ್ನು ಎಣಿಸಲು ಕೂರಿಸಿ. ತೂಬಿನ ಹತ್ತಿರ ಹೊಂಗೆ ಮರ ಇದ್ದರೆ ನೆರಳಿಗೂ ಆಯಿತು. ಗುಂಡಿಗಳನ್ನು ಮಳೆಗೆ ಮೊದಲು ಮುಚ್ಚಿಸಿದಿರಾ?

ಕೆರೆಯಂಗಳ:
ಆರು ಮುಚ್ಚಿದ್ದೇವೆ ಸರ್. ಎರಡು ನಾಳೆ.